ವಿದುರಾಶ್ವತ್ಥ, 25 ಏಪ್ರಿಲ್ 1938: ಪಟ್ಟಿಯಲ್ಲಿ ಇದ್ದವರು, ಇಲ್ಲದವರು

ಗೌರಿಬಿದನೂರಿನಿಂದ ಹಿಂದೂಪುರದ ದಾರಿ ಹಿಡಿದರೆ ಆರೇಳು ಕಿಲೋಮೀಟರಿಗೆ ವಿದುರಾಶ್ವತ್ಥ ಸಿಗುತ್ತದೆ. ಉತ್ತರ ಪಿನಾಕಿನಿಯ ದಡ, ಅಶ್ವತ್ಥನಾರಾಯಣಸ್ವಾಮಿಯ ಗುಡಿ, ಮತ್ತು ಗುಡಿಯ ಆವರಣದಲ್ಲಿ ಎಣಿಸಲು ಹೊರಟರೆ ಅರ್ಧದಲ್ಲೇ ಲೆಕ್ಕ ತಪ್ಪಿಹೋಗುವಷ್ಟು ನಾಗರಕಲ್ಲುಗಳು. ಮಕ್ಕಳಾಗದವರು, ಸರ್ಪದೋಷ ಕಳೆಯಬೇಕೆಂದು ಜೋಯಿಸರಿಂದ ಹೇಳಿಸಿಕೊಂಡವರು, ಹರಕೆ ಹೊತ್ತವರು ಕಲ್ಲನ್ನು ಕೆಲಕಾಲ ನೀರಿನಲ್ಲಿ ಇರಿಸಿ, ಪೂಜೆ ಮಾಡಿಸಿ, ಇಲ್ಲಿ ತಂದು ಪ್ರತಿಷ್ಠೆ ಮಾಡಿಸುತ್ತಾರೆ. ಒಂದಕ್ಕೊಂದು ಹೆಣೆದುಕೊಂಡ ಜೋಡಿ ಹಾವು ಕೆಲವದರಲ್ಲಿ, ಹೆಡೆ ಬಿಚ್ಚಿದ ಒಂಟಿ ಸರ್ಪ ಕೆಲವದರಲ್ಲಿ. ಹಾಲು, ಅರಿಸಿನ, ಕುಂಕುಮ ಬಿದ್ದು ಬಿದ್ದು ಹಳೆಯ ಕಲ್ಲುಗಳ ಗೆರೆಗಳು ಸವೆದು ನುಣ್ಣಗಾಗಿವೆ. ಅದೇ ಊರಿನಲ್ಲಿ ಇನ್ನೊಂದು ಬಗೆಯ ಕಲ್ಲೂ ಇದೆ. ಅದು 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಸಭೆಯಲ್ಲಿ ಪೊಲೀಸರ ಗುಂಡಿಗೆ ಸತ್ತವರ ಸ್ಮಾರಕ. ಈ ಬರಹದ ವಿಷಯ ಆ ದಿನದ ಘಟನೆ, ಅದಕ್ಕಿಂತ ಹೆಚ್ಚಾಗಿ, ಅಂದು ಅಲ್ಲಿದ್ದ ಜನರನ್ನು ಸರ್ಕಾರವೂ ಚಳವಳಿಯೂ ಆಮೇಲೆ ಎಣಿಸಿದ ಅಥವಾ ಎಣಿಸದೆ ಬಿಟ್ಟ ರೀತಿ.

ಆಯುಧವಿಲ್ಲದ ಜನ ಆಯುಧವುಳ್ಳ ಸರ್ಕಾರವನ್ನು ಎದುರಿಸಿದ ಪ್ರಸಂಗಗಳನ್ನು ಗೆರಿಲ್ಲಾ ಕಾಳಗದ ಜೊತೆಗಿಟ್ಟು ನೋಡುವ ರೂಢಿ ನಮ್ಮಲ್ಲಿ ಕಡಿಮೆ. ಮೇಲುನೋಟಕ್ಕೆ ಎರಡೂ ತದ್ವಿರುದ್ಧ. ಗೆರಿಲ್ಲಾ ಯೋಧನು ಜನರ ನಡುವೆ ಅಡಗಿಕೊಳ್ಳುತ್ತಾನೆ, ಹೆಸರು ಬದಲಿಸುತ್ತಾನೆ, ಯಾವ ದಿನ ಎಲ್ಲಿ ಎರಗುವನೆಂದು ಹೇಳುವುದಿಲ್ಲ. ಸತ್ಯಾಗ್ರಹಿಯು ದಿನ, ಜಾಗ, ತನ್ನ ಹೆಸರು ಎಲ್ಲವನ್ನೂ ಮೊದಲೇ ಸಾರಿ, ಬಂದು ಹಿಡಿಯಿರಿ ಎಂದು ಕಾಯುತ್ತಾನೆ. ಆದರೆ ಎರಡರಲ್ಲೂ ಸರ್ಕಾರಕ್ಕೆ ಎದುರಾಗುವ ತೊಡಕು ಒಂದೇ. ಹೋರಾಟಗಾರ ಯಾರು, ಹೋರಾಟಗಾರನ ಪಕ್ಕದಲ್ಲಿ ನಿಂತವನು ಯಾರು, ನೋಡಲು ಬಂದವನು ಯಾರು, ಬೇರೆಯದೇ ಕೆಲಸಕ್ಕೆ ಬಂದು ಸಿಕ್ಕಿಹಾಕಿಕೊಂಡವನು ಯಾರು ಎಂಬುದನ್ನು ಬೇರ್ಪಡಿಸುವುದು ಹೇಗೆ? ಏಪ್ರಿಲ್ 11ರಂದು ಇದೇ ಬಾವುಟಕ್ಕಾಗಿ ಆಜ್ಞೆ ಮುರಿದ ಮದ್ದೂರಿನ ಬಳಿಯ ಶಿವಪುರದಲ್ಲಿ ಈ ತೊಡಕು ಬರಲಿಲ್ಲ. ಎರಡು ವಾರದ ನಂತರ ವಿದುರಾಶ್ವತ್ಥದಲ್ಲಿ ಬಂತು. ಈ ಪ್ರಕರಣದ ತಿರುಳು ಇರುವುದು ಆ ಎರಡು ವಾರಗಳ ಅಂತರದಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1938ರ ಮೈಸೂರು ಬ್ರಿಟಿಷರ ನೇರ ಆಳ್ವಿಕೆಯ ನಾಡಲ್ಲ. ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು 1926ರಿಂದ ಸರ್ ಮಿರ್ಜಾ ಇಸ್ಮಾಯಿಲ್. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1916ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ ಎಲ್ಲವೂ ಸೇರಿ ಮೈಸೂರಿಗೆ ‘ಮಾದರಿ ಸಂಸ್ಥಾನ’ ಎಂಬ ಹೆಸರು ತಂದುಕೊಟ್ಟಿದ್ದವು. ಗಾಂಧೀಜಿ 1927ರಲ್ಲಿ ಮತ್ತು 1936ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದದ್ದು ನಂದಿ ಬೆಟ್ಟದಲ್ಲಿ. ವಿದುರಾಶ್ವತ್ಥದ ಪಕ್ಕದಲ್ಲಿ ಹರಿಯುವ ಉತ್ತರ ಪಿನಾಕಿನಿ ಹುಟ್ಟುವುದೂ ಅದೇ ಬೆಟ್ಟಸಾಲಿನಲ್ಲಿ. ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು, 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ಆದರೆ ಮತ ಹಾಕುವ ಹಕ್ಕು ಆಸ್ತಿಪಾಸ್ತಿ, ಕಂದಾಯ, ಓದು ಇದ್ದ ಕೆಲವರದು. ದಿವಾನರು ಉತ್ತರ ಹೇಳಬೇಕಾದದ್ದು ಅರಸರಿಗೇ ಹೊರತು ಆ ಸಭೆಗಳಿಗಲ್ಲ. ಜನರಿಗೆ ಜವಾಬ್ದಾರಿಯಾದ ಸರ್ಕಾರ ಬೇಕೆಂಬ ಬೇಡಿಕೆ ಹುಟ್ಟಿದ್ದು ಈ ಕೊರತೆಯಿಂದ. 1937ರ ಕೊನೆಯ ತಿಂಗಳುಗಳಲ್ಲಿ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನೊಡನೆ ಸೇರಿದ ಮೇಲೆ ಪೇಟೆಯ ವಕೀಲರ ದನಿಯಾಗಿದ್ದ ಆ ಬೇಡಿಕೆ ಹಳ್ಳಿಯ ಜಮೀನುದಾರ ಒಕ್ಕಲು ಕುಟುಂಬಗಳಿಗೂ ತಲುಪಿತು. ಆಗ ವಿದುರಾಶ್ವತ್ಥವನ್ನೂ ಒಳಗೊಂಡಿದ್ದ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಆ ಪಕ್ಷದ ಮುಂದಾಳುಗಳಲ್ಲಿ ಒಬ್ಬರು.

ಬಾವುಟ ಏಕೆ ಇಷ್ಟು ದೊಡ್ಡ ವಿಷಯವಾಯಿತು ಎಂಬುದು ಇಂದಿನ ಓದುಗರಿಗೆ ಸುಲಭವಾಗಿ ತಿಳಿಯಲಾರದು. ಚರಕದ ತ್ರಿವರ್ಣ ಬಾವುಟ ಆಗ ರಾಷ್ಟ್ರಧ್ವಜವಲ್ಲ, 1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡ ಬಾವುಟ. ಗಂಡಭೇರುಂಡದ ಲಾಂಛನವುಳ್ಳ ಸಂಸ್ಥಾನದಲ್ಲಿ ಅದನ್ನು ಬಹಿರಂಗವಾಗಿ ಹಾರಿಸುವುದೆಂದರೆ ಇನ್ನೊಂದು ಒಡೆತನವನ್ನು ಸಾರಿದಂತೆ ಎಂದು ಸರ್ಕಾರ ಎಣಿಸಿತು. ಹಾರಿಸುವವರಾದರೋ, ನಾವೂ ಆ ದೊಡ್ಡ ಚಳವಳಿಯವರೇ ಎಂದು ತೋರಿಸಲು ಕೈಯಲ್ಲಿದ್ದ ಏಕೈಕ ಗುರುತು ಅದು ಎಂದು ತಿಳಿದರು. ಇಲ್ಲಿ ಒಂದು ಕಹಿ ಸಂಗತಿಯನ್ನು ಮರೆಯಬಾರದು. ಅದೇ ವರ್ಷದ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು, ಸಂಸ್ಥಾನಗಳ ಒಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸಬಾರದು, ಅಲ್ಲಿನ ಜನ ತಮ್ಮದೇ ಸಂಘಟನೆಯ ಬಲದಿಂದ ನಡೆಸಿಕೊಳ್ಳಬೇಕು ಎಂದು ನಿರ್ಣಯಿಸಿತ್ತು. ಅಂದರೆ ಮೈಸೂರಿನ ಹಳ್ಳಿಯವನು ಯಾವ ಬಾವುಟಕ್ಕಾಗಿ ಎದೆಯೊಡ್ಡಿದನೋ ಆ ಬಾವುಟದ ಮಾತೃಸಂಸ್ಥೆ ತನ್ನ ಹೆಸರನ್ನು ಅವನಿಗೆ ಕೊಟ್ಟಿರಲಿಲ್ಲ.

ವಿದುರಾಶ್ವತ್ಥಕ್ಕೆ ಇದಲ್ಲದೆ ಇನ್ನೊಂದು ವಿಶೇಷವಿತ್ತು, ಅದು ಗಡಿಯದು. ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಬರುವ ರೈಲು ಈ ಊರಿನ ಪುಟ್ಟ ನಿಲ್ದಾಣವನ್ನು ಬಿಟ್ಟು ಸ್ವಲ್ಪ ದೂರ ಹೋದರೆ ಸಂಸ್ಥಾನವೇ ಮುಗಿದು, ಅಂದಿನ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಗೆ ಸೇರಿದ ಹಿಂದೂಪುರ ಬರುತ್ತಿತ್ತು. ಮದರಾಸಿನಲ್ಲಿ 1937ರ ಜುಲೈನಿಂದ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ. ಬ್ರಿಟಿಷರದೇ ನಾಡಾದ ಆ ಕಡೆ ಬಾವುಟದ ಪಕ್ಷ ಕುರ್ಚಿಯಲ್ಲಿ ಕೂತಿತ್ತು. ನಮ್ಮವರೇ ಆದ ಒಡೆಯರು ಆಳುವ ಈ ಕಡೆ ಅದೇ ಬಾವುಟ ಅಪರಾಧವಾಗಿತ್ತು. ಈ ಭಾಗದ ಜನಕ್ಕೆ ಗಡಿ ಎಂಬುದು ಭೂಪಟದ ಗೆರೆ ಮಾತ್ರ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಅಥವಾ ಅದರ ತಿರುವುಮುರುವು. ಹೆಣ್ಣು ಕೊಡುವುದು ತರುವುದು ಎರಡೂ ಕಡೆ. ಎತ್ತು ಕೊಳ್ಳಲು ಯಾವ ಸಂತೆ ಹತ್ತಿರವೋ ಆ ಸಂತೆಗೆ ಹೋಗುವುದು. ಹಿಂದೂಪುರದ ನೆಂಟನ ಮನೆಯ ಮುಂದೆ ತಪ್ಪಲ್ಲದ್ದು ತನ್ನ ಊರಿನ ತೋಪಿನಲ್ಲಿ ಏಕೆ ತಪ್ಪು ಎಂಬ ಪ್ರಶ್ನೆಗೆ ರಾಜನೀತಿ ಶಾಸ್ತ್ರದಲ್ಲಿ ಉತ್ತರ ಇರಬಹುದು, ರಾಗಿ ಬೆಳೆಯುವವನ ಮನಸ್ಸಿಗೆ ಒಪ್ಪುವ ಉತ್ತರ ಇರಲಿಲ್ಲ. ನಿಷೇಧಾಜ್ಞೆ ಗಡಿನಾಡಿನಲ್ಲಿ ಅಪಹಾಸ್ಯಕ್ಕೆ ಈಡಾದಷ್ಟು ರಾಜಧಾನಿಯ ಬಳಿ ಈಡಾಗುವುದಿಲ್ಲ.

ಏಪ್ರಿಲ್ 11ರಂದು ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಆರಂಭವಾಯಿತು. ದೊಡ್ಡಬಳ್ಳಾಪುರದ ವಕೀಲರಾದ ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ಬಾವುಟ ಹಾರಿಸಕೂಡದೆಂಬ ಆಜ್ಞೆಯನ್ನು ಮುರಿಯಲಾಯಿತು, ಮುಂದಾಳುಗಳನ್ನು ಬಂಧಿಸಲಾಯಿತು. ಅಲ್ಲಿ ಗುಂಡು ಹಾರಲಿಲ್ಲ. ಏಕೆ ಹಾರಲಿಲ್ಲ ಎಂದು ಕೇಳಿಕೊಳ್ಳುವುದು ಈ ಅಧ್ಯಯನಕ್ಕೆ ಅಗತ್ಯ. ಅಧಿಕಾರಿಗಳ ಒಳ್ಳೆಯತನವೋ ಕೆಟ್ಟತನವೋ ಇಲ್ಲಿ ಮುಖ್ಯವೆಂದು ನನಗೆ ತೋರುವುದಿಲ್ಲ. ಶಿವಪುರದಲ್ಲಿ ಆಜ್ಞೆ ಮುರಿದವರು ಹೆಸರುಳ್ಳವರು. ಅಧ್ಯಕ್ಷರು, ಸ್ವಾಗತ ಸಮಿತಿಯವರು, ಪ್ರತಿನಿಧಿಗಳು. ಒಬ್ಬರನ್ನು ಹಿಡಿದರೆ ಮುಂದಿನವರು ಯಾರೆಂದು ಎರಡೂ ಕಡೆಯವರಿಗೆ ಗೊತ್ತು. ಬಂಧನ ಎಂಬುದು ಹೆಸರಿನ ಮೇಲೆ ನಡೆಯುವ ಕ್ರಿಯೆ. ವಾರಂಟಿಗೆ ಹೆಸರು ಬೇಕು, ಜೈಲಿನ ದಾಖಲೆಗೆ ತಂದೆಯ ಹೆಸರೂ ಬೇಕು. ಕೈದಿಯಾದವನು ಸರ್ಕಾರದ ಪುಸ್ತಕಕ್ಕೆ ಸೇರುತ್ತಾನೆ, ಆದ್ದರಿಂದ ಅವನ ಜೀವಕ್ಕೆ ಸರ್ಕಾರ ಲೆಕ್ಕ ಕೊಡಬೇಕಾಗುತ್ತದೆ. ಸತ್ಯಾಗ್ರಹದ ಬಲದಲ್ಲಿ ದೊಡ್ಡ ಪಾಲು ಈ ಏರ್ಪಾಡಿನ ಮೇಲೆ ನಿಂತಿದೆ ಎಂಬುದನ್ನು ಅದನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಶಿವಪುರದ ಸುದ್ದಿ ಹಬ್ಬಿದಂತೆ ಸಂಸ್ಥಾನದ ನಾನಾ ಕಡೆ ಬಾವುಟ ಹಾರಿಸುವ ಕಾರ್ಯಕ್ರಮಗಳು ಏರ್ಪಟ್ಟವು. ಗೌರಿಬಿದನೂರು ತಾಲ್ಲೂಕಿನಲ್ಲಿ ಅದಕ್ಕೆ ಆರಿಸಿಕೊಂಡ ಜಾಗ ವಿದುರಾಶ್ವತ್ಥದ ತೋಪು. ಜನ ಹೇಗೂ ಬಂದು ಸೇರುವ ಜಾಗ, ನೆರಳು ಮತ್ತು ನೀರು ಇರುವ ಜಾಗ, ರೈಲು ನಿಲ್ಲುವ ಜಾಗ ಎಂದ ಮೇಲೆ ಆರಿಸಿದವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಅದೇ ಲೆಕ್ಕಾಚಾರದಲ್ಲಿ ಅಪಾಯವೂ ಅಡಗಿತ್ತು. ಕ್ಷೇತ್ರ ಎಂಬುದು ಅಧಿವೇಶನದ ಚಪ್ಪರವಲ್ಲ. ಅಲ್ಲಿಗೆ ಬರುವವರಿಗೆ ಪ್ರವೇಶಪತ್ರ ಇರುವುದಿಲ್ಲ. ಸತ್ಯಾಗ್ರಹದ ಶಿಸ್ತು ಕಲಿತ ಹತ್ತು ಜನರ ಹಿಂದೆ ಭಾಷಣ ಕೇಳುವ ಉಮೇದಿನ ನೂರು ಜನ, ಅವರ ಹಿಂದೆ ಏನು ನಡೆಯುತ್ತಿದೆ ನೋಡೋಣ ಎಂಬ ಕುತೂಹಲದ ಸಾವಿರ ಜನ. ಅವರ ಪಕ್ಕದಲ್ಲೇ, ನಾಗಪ್ಪನಿಗೆ ಹಾಲೆರೆಯಲು ಬುತ್ತಿ ಕಟ್ಟಿಕೊಂಡು ಬಂದ ಸಂಸಾರವೊಂದು ನಿಂತಿದ್ದರೆ ಅದನ್ನು ಯಾವ ಗುಂಪಿಗೆ ಸೇರಿಸಬೇಕು? ಆಜ್ಞೆಯ ಕಾಗದದಲ್ಲಿ ಇದಕ್ಕೆ ಉತ್ತರವಿಲ್ಲ. ನಿಷೇಧ ಜಾರಿಯಾದ ಕ್ಷಣದಿಂದ ಅಲ್ಲಿ ನಿಂತವರೆಲ್ಲ ಕಾನೂನುಬಾಹಿರ ಗುಂಪಿನ ಸದಸ್ಯರೇ.

ಆ ಸೋಮವಾರ ನಡೆದದ್ದನ್ನು ಹೇಳಲು ಹೆಚ್ಚು ವಾಕ್ಯಗಳು ಬೇಕಿಲ್ಲ. ಸಾವಿರಾರು ಜನ ಸೇರಿದರು. ಬಾವುಟ ಹಾರಿಸಬಾರದೆಂದು ಪೊಲೀಸರು ತಡೆದರು. ಜನ ಚದುರಲಿಲ್ಲ. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಕಲ್ಲು ಮೊದಲೋ ಲಾಠಿ ಮೊದಲೋ ಎಂಬ ವಾದ ಇಂಥ ಪ್ರತಿ ಪ್ರಕರಣದಲ್ಲೂ ಏಳುತ್ತದೆ, ವಿಚಾರಣಾ ಸಮಿತಿಗಳ ಕಾಲವೆಲ್ಲ ಬಹುಪಾಲು ಅದರಲ್ಲೇ ಕಳೆಯುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು. ಗುಂಪನ್ನು ಚದುರಿಸುವ ಕಾನೂನು ಒಂದು ಮೆಟ್ಟಿಲುಸಾಲನ್ನು ಕಲ್ಪಿಸಿಕೊಳ್ಳುತ್ತದೆ: ಮೊದಲು ಚದುರಿರಿ ಎಂಬ ಆಜ್ಞೆ, ಆಮೇಲೆ ಬಲಪ್ರಯೋಗ, ಕೊನೆಗೆ ಮಾತ್ರ ಬಂದೂಕು. ಈ ಮೆಟ್ಟಿಲುಗಳೆಲ್ಲ ಮಾತು ಕೇಳಿಸುವ ದೂರದಲ್ಲಿರುವ ಗುಂಪಿಗೆ ಹೊಂದುತ್ತವೆ. ಸಾವಿರಾರು ಜನರ ತೋಪಿನಲ್ಲಿ ಮುಂದಿನ ಸಾಲಿನವರಿಗೆ ಮಾತ್ರ ಆಜ್ಞೆ ಕೇಳಿಸುತ್ತದೆ, ಅವರು ಹಿಂದೆ ಸರಿಯಲು ಹೋದರೆ ಹಿಂದಿನವರು ಬಿಡುವುದಿಲ್ಲ, ಹಿಂದಿನವರಿಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಜಾತ್ರೆಯ ತೇರಿನ ಮುಂದೆ ಸಿಕ್ಕಿಕೊಂಡವರಿಗೆ ಈ ಅನುಭವ ಇದ್ದೇ ಇರುತ್ತದೆ. ಗುಂಡು ಮಾತ್ರ ಮುಂದಿನ ಸಾಲು ಹಿಂದಿನ ಸಾಲು ಎಂಬ ಭೇದವಿಲ್ಲದೆ ಹೋಗುತ್ತದೆ. ಹೆಸರು ಹಿಡಿದು ಬಂಧಿಸಲು ಬಾರದ ಗುಂಪಿನ ಎದುರು ಸರ್ಕಾರದ ಕೈಯಲ್ಲಿ ಉಳಿದದ್ದು ಹೆಸರು ಕೇಳದ ಉಪಕರಣ.

ಈ ಘಟನೆಗೆ ‘ದಕ್ಷಿಣದ ಜಲಿಯನ್‌ವಾಲಾ ಬಾಗ್’ ಎಂಬ ಹೆಸರು ಅಂಟಿಕೊಂಡಿದೆ. ಭಾಷಣಕ್ಕೆ ಒದಗುವ ಹೆಸರು, ತಿಳಿವಳಿಕೆಗೆ ಅಷ್ಟಾಗಿ ಒದಗದು. 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷ್ ಸೇನಾಧಿಕಾರಿಯೊಬ್ಬನ ಕೆಳಗಿನ ಸೈನಿಕರು; ಚದುರಿರಿ ಎಂಬ ಎಚ್ಚರಿಕೆಯನ್ನೂ ಕೊಡದೆ, ಗೋಡೆಗಳ ನಡುವೆ ಸಿಕ್ಕಿದ್ದವರ ಮೇಲೆ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ವಿದುರಾಶ್ವತ್ಥದಲ್ಲಿ ಬಂದೂಕು ಹಿಡಿದವನು ಮೈಸೂರಿನ ಪೇದೆ. ಅವನಾಡುವ ನುಡಿ ಎದುರಿಗಿದ್ದವರ ನುಡಿಯೇ, ಅವನು ಕೈಮುಗಿಯುವ ದೇವರು ಅವರು ಕೈಮುಗಿಯಲು ಬಂದ ದೇವರೇ. ಅವನೂ ಒಂದು ಹಳ್ಳಿಯ ಒಕ್ಕಲಿನ ಮನೆಯಿಂದ ಬಂದು ತಿಂಗಳ ಸಂಬಳದ ಭದ್ರತೆಗೆ ಖಾಕಿ ತೊಟ್ಟವನು. ಪರದೇಶದ ಸೇನಾಧಿಕಾರಿಯ ವಿರುದ್ಧ ಹುಟ್ಟುವ ಸಿಟ್ಟು ಸರಳವಾದದ್ದು, ನಮ್ಮವನೇ ಎಂದು ಗೊತ್ತಿರುವವನ ವಿರುದ್ಧ ಹುಟ್ಟುವ ಸಿಟ್ಟಿಗೆ ಹೋಗಲು ದಾರಿಯಿಲ್ಲ. ಹಾಗೆಯೇ ಗುಂಡು ಹಾರಿಸಿದ ಪೇದೆಯ ಮುಂದಿನ ವರ್ಷಗಳನ್ನೂ ನೆನೆಯಬೇಕು. 1947ರ ಅಕ್ಟೋಬರಿನಲ್ಲಿ ಅದೇ ಬಾವುಟದವರ ಮುಂದಾಳು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ ಅವನು ಇನ್ನೂ ನೌಕರಿಯಲ್ಲಿದ್ದಿದ್ದರೆ, ಒಂಬತ್ತು ವರ್ಷದ ಹಿಂದೆ ತಡೆಯಲು ಹೋದದ್ದಕ್ಕೇ ಈಗ ಸಲಾಮು ಹೊಡೆಯಬೇಕಾಗಿ ಬಂದಿರುತ್ತದೆ. ಹುತಾತ್ಮರ ಬಗ್ಗೆ ಬರೆಯುವಾಗ ಈ ಮನುಷ್ಯನನ್ನು ನಾವು ಪೂರ್ತಿ ಬಿಟ್ಟುಬಿಡುತ್ತೇವೆ.

ಗೋಲಿಬಾರಿನ ಫಲ ಬೇಗ ಬಂತು. ಸುದ್ದಿ ಸಂಸ್ಥಾನದ ಆಚೆಗೆ ಹಬ್ಬಿತು. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ತಿಂಗಳು ಕಳೆಯುವಷ್ಟರಲ್ಲಿ, 1938ರ ಮೇ ತಿಂಗಳಲ್ಲಿ, ಮಿರ್ಜಾ–ಪಟೇಲ್ ಒಪ್ಪಂದವೆಂದು ಹೆಸರಾದ ತೀರ್ಮಾನ ಹೊರಬಂತು. ಮೈಸೂರು ಕಾಂಗ್ರೆಸ್ಸಿಗೆ ಸರ್ಕಾರದ ಮಾನ್ಯತೆ, ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಅವಕಾಶ, ರಾಜಕೀಯ ಕೈದಿಗಳ ಬಿಡುಗಡೆ, ಕೆ.ಆರ್. ಶ್ರೀನಿವಾಸ ಅಯ್ಯಂಗಾರರ ಅಧ್ಯಕ್ಷತೆಯ ರಾಜ್ಯಾಂಗ ಸುಧಾರಣಾ ಸಮಿತಿಯಲ್ಲಿ ಕಾಂಗ್ರೆಸ್ಸಿನವರಿಗೆ ಸ್ಥಾನ.

ಇಷ್ಟು ಬೇಗ ಸರ್ಕಾರ ಮಣಿದದ್ದೇಕೆ? ಮೈಸೂರಿಗೆ ಸೈನ್ಯವೂ ಇತ್ತು, ಜೈಲುಗಳೂ ಇದ್ದವು; ಬೆನ್ನಹಿಂದೆ ಬ್ರಿಟಿಷ್ ರೆಸಿಡೆಂಟರೂ ಇದ್ದರು. ಆದರೆ ಮಿರ್ಜಾ ಇಸ್ಮಾಯಿಲರ ಆಡಳಿತಕ್ಕಿದ್ದ ನಿಜವಾದ ಬಂಡವಾಳ ‘ಮಾದರಿ’ ಎಂಬ ಹೆಸರು. ಕೆಟ್ಟ ಹೆಸರಿನ ಸಂಸ್ಥಾನವಾಗಿದ್ದರೆ ಒಂದು ತೋಪಿನಲ್ಲಿ ಜನ ಸತ್ತದ್ದನ್ನು ಅರಗಿಸಿಕೊಳ್ಳುತ್ತಿತ್ತು, ಒಳ್ಳೆಯ ಹೆಸರಿನದಕ್ಕೆ ಅದು ಸಾಧ್ಯವಾಗಲಿಲ್ಲ. ನಂದಿ ಬೆಟ್ಟದ ಮೇಲೆ ಗಾಂಧೀಜಿಗೆ ಆತಿಥ್ಯ ನೀಡಿದ್ದ ಸರ್ಕಾರ ಅದೇ ನದಿಯ ಕೆಳಹರಿವಿನಲ್ಲಿ ಅವರ ಬಾವುಟ ಹಿಡಿದವರಿಗೆ ಗುಂಡಿಕ್ಕಿತು ಎಂಬ ಮಾತು ಹರಡುವುದು ದಿವಾನರಿಗೆ ಬೇಕಿರಲಿಲ್ಲ. ಆಯುಧವಿಲ್ಲದ ಪ್ರತಿರೋಧ ಎಲ್ಲ ಸರ್ಕಾರಗಳ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಕಳೆದುಕೊಳ್ಳಲು ಹೆಸರಿರುವ ಸರ್ಕಾರದ ಮೇಲೆ ಮಾಡುತ್ತದೆ. ಇನ್ನೊಂದು ಕಡೆ ಒಪ್ಪಂದದಲ್ಲಿ ಸಿಕ್ಕದ್ದು ಬಾವುಟವೇ ಹೊರತು ಜವಾಬ್ದಾರಿ ಸರ್ಕಾರವಲ್ಲ. ಸುಧಾರಣೆಗಳು ನಿರಾಸೆ ತಂದವು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹ ನಡೆಯಿತು, 1942ರಲ್ಲಿ ಶಿಕಾರಿಪುರದ ಈಸೂರು ಸಿಡಿಯಿತು, ಕೊನೆಗೆ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಸೆಪ್ಟೆಂಬರಿನ ಮೈಸೂರು ಚಲೋ ಚಳವಳಿ.

ಒಪ್ಪಂದದ ಒಂದು ಅಂಶದ ಮೇಲೆ ಮಾತ್ರ ಸ್ವಲ್ಪ ನಿಲ್ಲಬೇಕು: ಕೈದಿಗಳ ಬಿಡುಗಡೆ. ಬಿಡುಗಡೆಯ ಲಾಭ ಸಿಕ್ಕುವುದು ಪಟ್ಟಿಯಲ್ಲಿ ಇದ್ದವರಿಗೆ. ವಿದುರಾಶ್ವತ್ಥದ ತೋಪಿನಿಂದ ರಕ್ತ ಸುರಿಸಿಕೊಂಡು ಹೊಲಗಳ ಮೇಲೆ ಹಾದು ಮನೆ ಸೇರಿದವನಿಗೆ ಬಿಡುಗಡೆಯಾಗಲು ಅವನನ್ನು ಯಾರೂ ಹಿಡಿದೇ ಇರಲಿಲ್ಲ. ಸತ್ತವರ ಸಂಖ್ಯೆಯ ಬಗೆಗಿನ ವಿವಾದವನ್ನೂ ಈ ಕಡೆಯಿಂದಲೇ ನೋಡಬೇಕೆಂದು ನನಗನ್ನಿಸುತ್ತದೆ. ಸರ್ಕಾರಿ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತಿತು, ಜನರ ಲೆಕ್ಕ 32. ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿ ಕೂತಿತಾದರೂ ಎರಡು ಲೆಕ್ಕಗಳು ಒಂದಾಗಲಿಲ್ಲ. ಒಂದು ಸುಳ್ಳು, ಇನ್ನೊಂದು ನಿಜ ಎಂದು ತೀರ್ಪು ಕೊಡುವ ಮೊದಲು ಎರಡನ್ನೂ ಹೇಗೆ ಎಣಿಸಿರಬಹುದು ಎಂದು ಕೇಳಬೇಕು. ಸರ್ಕಾರ ಎಣಿಸುವುದು ಸ್ಥಳದಲ್ಲಿ ಸಿಕ್ಕ ಶವಗಳನ್ನು, ಆಸ್ಪತ್ರೆಗೆ ಬಂದು ಅಲ್ಲಿ ತೀರಿಕೊಂಡವರನ್ನು. ಊರು ಎಣಿಸುವುದು ಮನೆಗೆ ಹಿಂತಿರುಗದವರನ್ನು, ಹಿಂತಿರುಗಿ ಒಂದು ವಾರ ನರಳಿ ಹೋದವರನ್ನು, ಆ ದಿನ ಬಿದ್ದ ಪೆಟ್ಟಿನಿಂದ ಮತ್ತೆ ಏಳದವರನ್ನು.

ಮೇಲಾಗಿ, ಗಾಯಗೊಂಡವನು ಆಸ್ಪತ್ರೆಗೆ ಹೋಗುವುದೆಂದರೇನು? ಗುಂಡಿನ ಗಾಯ ತೋರಿಸುವುದೆಂದರೆ ನಿಷೇಧಿತ ಗುಂಪಿನಲ್ಲಿ ತಾನಿದ್ದೆ ಎಂದು ಒಪ್ಪಿಕೊಂಡಂತೆ. ಡಾಕ್ಟರು ಬರೆದುಕೊಂಡದ್ದು ಪೊಲೀಸರಿಗೆ ತಲುಪುತ್ತದೆ, ಪೊಲೀಸರಿಗೆ ತಲುಪಿದ್ದು ಶಾನುಭೋಗರಿಗೂ ಅಮಲ್ದಾರರಿಗೂ ತಿಳಿಯುತ್ತದೆ. ಜಮೀನಿನ ಖಾತೆ, ಕಂದಾಯದ ಬಾಕಿ, ಬಾವಿಯ ಸಾಲ ಎಲ್ಲಕ್ಕೂ ಅವರ ಮುಂದೆಯೇ ನಿಲ್ಲಬೇಕಾದವನು ಈ ಹಳ್ಳಿಗ. ಅಂಥವನ ಮನೆಯವರು ಆಸ್ಪತ್ರೆಯ ಬಾಗಿಲು ತುಳಿಯುವ ಮೊದಲು ಎರಡು ಬಾರಿ ಯೋಚಿಸದೆ ಇರುವುದಿಲ್ಲ. ಬಿಸಿನೀರು, ಅರಿಸಿನ, ಬೇವಿನ ಸೊಪ್ಪು, ಹಳೆಯ ಸೀರೆಯ ಪಟ್ಟಿ. ಕೇಳಿದವರಿಗೆ ಎತ್ತು ಹಾಯ್ದಿತು ಎಂಬ ಉತ್ತರ. ಶಸ್ತ್ರಧಾರಿಗಳ ಮತ್ತು ಜನರ ನಡುವೆ ಕಲಹ ನಡೆದಲ್ಲೆಲ್ಲ ಸಾವುನೋವಿನ ಲೆಕ್ಕ ಇಬ್ಬಾಗವಾಗುವುದಕ್ಕೆ ಈ ಅಂಜಿಕೆ ಒಂದು ದೊಡ್ಡ ಕಾರಣ. ಕಾಣಿಸದೆ ಉಳಿಯುವುದೇ 1938ರಲ್ಲಿ ರಕ್ಷಣೆ.

ಮೂವತ್ತನಾಲ್ಕು ವರ್ಷ ಕಳೆದ ಮೇಲೆ ಅದೇ ರಕ್ಷಣೆ ಮುಳುವಾಯಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನ, 1972ರ ಆಗಸ್ಟ್ 15ರಂದು, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆಯನ್ನು ಜಾರಿಗೆ ತಂದಿತು. ಆರು ತಿಂಗಳ ಸೆರೆವಾಸ ಅದರ ಮುಖ್ಯ ಅಳತೆಗೋಲು. ಹುತಾತ್ಮರ ಕುಟುಂಬಕ್ಕೂ, ಗೋಲಿಬಾರು ಲಾಠಿಪ್ರಹಾರಗಳಲ್ಲಿ ಶಾಶ್ವತವಾಗಿ ಅಂಗವಿಕಲರಾದವರಿಗೂ ಅದರಲ್ಲಿ ಎಡೆಯಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಪ್ರತಿಯೊಂದಕ್ಕೂ ದಾಖಲೆ ಬೇಕು. ಜೈಲಿನ ಸರ್ಟಿಫಿಕೇಟು, ಕೋರ್ಟಿನ ತೀರ್ಪಿನ ನಕಲು, ಸರ್ಕಾರಿ ಕಡತದಲ್ಲಿ ಹೆಸರು. ಶಿವಪುರದಲ್ಲಿ ಬಂಧಿತರಾದವರ ಬಳಿ, ಅಥವಾ ಅವರ ಪರವಾಗಿ ಜೈಲುಗಳ ಬಳಿ, ಇಂಥ ಕಾಗದ ಇರುವುದು ಸಾಧ್ಯ. ಈಸೂರಿನಲ್ಲಿ ಅಮಲ್ದಾರ ಮತ್ತು ಸಬ್‌ಇನ್ಸ್‌ಪೆಕ್ಟರ್ ಸತ್ತರು, ಮೊಕದ್ದಮೆ ನಡೆದು 1943ರಲ್ಲಿ ಐವರು ಗಲ್ಲಿಗೇರಿದರು. ಗಲ್ಲಿಗೇರಿಸಲು ಸರ್ಕಾರಕ್ಕೆ ಹೆಸರು ಬೇಕಾದ್ದರಿಂದ ಆ ಐವರ ಹೆಸರನ್ನು ಅದೇ ಸರ್ಕಾರದ ಕಡತ ಕಾಪಾಡಿತು. ವಿದುರಾಶ್ವತ್ಥದಲ್ಲಿ ಕೊಲ್ಲಲು ಯಾರ ಹೆಸರೂ ಬೇಕಾಗಿರಲಿಲ್ಲ. ಎತ್ತು ಹಾಯ್ದಿತು ಎಂದು ಹೇಳಿ ತೋಳಿನ ಗಾಯ ಮುಚ್ಚಿಕೊಂಡವನು ಎಪ್ಪತ್ತನೆಯ ವಯಸ್ಸಿನಲ್ಲಿ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂತು, ಅದು ಎತ್ತಲ್ಲ, ಬಂದೂಕು ಎಂದು ಯಾವ ಕಾಗದದಿಂದ ಸಾಬೀತು ಮಾಡಬೇಕು? ಅಂದು ಮನೆಯವರೆಲ್ಲ ಒಟ್ಟಾಗಿ ಕಟ್ಟಿದ ಸುಳ್ಳು ಗಟ್ಟಿಯಾಗಿಯೇ ನಿಂತುಬಿಟ್ಟಿತ್ತು.

ಇಷ್ಟರಿಂದ ಚಳವಳಿಯ ಮುಂದಾಳುಗಳನ್ನು ದೂರುವುದು ಸುಲಭ, ಆದರೆ ಪೂರ್ತಿ ನ್ಯಾಯವಲ್ಲ. ಹಳ್ಳಿಗಳಿಗೆ ಕರೆ ಕೊಟ್ಟಾಗ ಅವರು ಶಿವಪುರದ ಅನುಭವವನ್ನೇ ನೆಚ್ಚಿದ್ದರು. ಬಾವುಟ ಏರುತ್ತದೆ, ನಾಲ್ಕು ಜನರನ್ನು ವ್ಯಾನಿನಲ್ಲಿ ಕೂರಿಸುತ್ತಾರೆ, ಜೈಕಾರ ಆಗುತ್ತದೆ ಎಂಬುದೇ ಎಲ್ಲರ ಎಣಿಕೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸತ್ಯಾಗ್ರಹಿಗಳ ಸುತ್ತ ಸೇರುವ, ಯಾವ ಪ್ರತಿಜ್ಞೆಯನ್ನೂ ಮಾಡದ, ಯಾವ ಅಪಾಯವನ್ನೂ ತಿಳಿದು ಒಪ್ಪಿಕೊಳ್ಳದ ಜನರ ಹೊಣೆ ಯಾರದು? ದಂಡಿಯಾತ್ರೆಗೆ 1930ರಲ್ಲಿ ಗಾಂಧೀಜಿ ಆಶ್ರಮದಿಂದ ಹೊರಟಾಗ ಜೊತೆಯಲ್ಲಿ ಆರಿಸಿದ 78 ಮಂದಿಯ ಹೆಸರುಪಟ್ಟಿ ಅಚ್ಚಾಗಿತ್ತು. ಪಟ್ಟಿ ಮಾಡುವುದು ಪೊಲೀಸರಿಗೆ ಅನುಕೂಲ ಎಂದು ನಾವು ಹೆದರುತ್ತೇವೆ. ಪಟ್ಟಿಯಲ್ಲಿ ಇದ್ದವನನ್ನು ಕೊಂದರೆ ಉತ್ತರ ಹೇಳಬೇಕಾಗುತ್ತದೆ ಎಂಬ ಇನ್ನೊಂದು ಮುಖವನ್ನು ಆ ಮುದುಕರು ಚೆನ್ನಾಗಿ ತಿಳಿದಿದ್ದರು.

ಊರಿಗೆ ಹೆಸರು ಕೊಟ್ಟ ವಿದುರ, ನಮ್ಮ ಕಡೆಯ ಮಹಾಭಾರತದ ಕಥೆಯಲ್ಲಿ, ತನ್ನ ಬಿಲ್ಲನ್ನೇ ಮುರಿದು ಯುದ್ಧದಿಂದ ಹೊರಗೆ ಉಳಿದವನು. ನದಿಯಲ್ಲಿ ಅರ್ಘ್ಯ ಕೊಡುವಾಗ ಬೊಗಸೆಗೆ ಬಂದ ಅಶ್ವತ್ಥದ ಸಸಿಯನ್ನು ಇಲ್ಲಿ ನೆಟ್ಟನೆಂದು ಸ್ಥಳಪುರಾಣ ಹೇಳುತ್ತದೆ. ಆ ಹಳೆಯ ಮರ 2001ರಲ್ಲಿ ಉರುಳಿತು. ಊರು ಈಗ ಕೋಲಾರ ಜಿಲ್ಲೆಯದೂ ಅಲ್ಲ, 2007ರಿಂದ ಚಿಕ್ಕಬಳ್ಳಾಪುರದ್ದು. ಹುತಾತ್ಮರ ನೆನಪಿಗೆ ಕಟ್ಟಿದ ವೀರಸೌಧಕ್ಕೆ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತರುತ್ತಾರೆ, ಗೋಡೆಯ ಚಿತ್ರಗಳ ಮುಂದೆ ಸಾಲು ನಿಲ್ಲಿಸಿ ವಿವರಿಸುತ್ತಾರೆ.

ಈ ಪ್ರಕರಣವನ್ನು ಇನ್ನೂ ಮುಂದಕ್ಕೆ ಒಯ್ಯಬಯಸುವ ವಿದ್ಯಾರ್ಥಿಗಳು ವಿಚಾರಣೆಯ ವರದಿ, ಪತ್ರಿಕೆಗಳ ಕಡತ ಇವುಗಳ ಜೊತೆಗೆ ಇನ್ನೊಂದು ಕಡೆ ಕೈಯಿಡಬೇಕೆಂಬುದು ನನ್ನ ಸೂಚನೆ. ಆ ಕಾಲದಲ್ಲಿ ಪ್ರತಿ ಹಳ್ಳಿಯ ಜನನ ಮರಣಗಳನ್ನು ಬರೆದಿಡುವ ಕೆಲಸ ಊರಿನ ಮುಖ್ಯಸ್ಥರಾದ ಪಟೇಲರದು. ಸತ್ತವನ ಹೆಸರು, ವಯಸ್ಸು, ದಿನಾಂಕ, ಸಾವಿನ ಕಾರಣ. ಕಾರಣದ ಕಲಮಿನಲ್ಲಿ ಕಾಲರಾ, ಸಿಡುಬು, ಪ್ಲೇಗುಗಳಿಗೆ ಸೇರದ ಸಾವೆಲ್ಲ ಬಹುಮಟ್ಟಿಗೆ ಜ್ವರ ಎಂಬ ಒಂದೇ ಮಾತಿನೊಳಗೆ ಹೋಗುತ್ತಿತ್ತು. ಗೌರಿಬಿದನೂರಿನ ಸುತ್ತಲ ಹತ್ತು ಹದಿನೈದು ಹಳ್ಳಿಗಳ 1938ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳ ಪುಟಗಳನ್ನು ತೆರೆದು, ಇಪ್ಪತ್ತರಿಂದ ನಲವತ್ತರೊಳಗಿನ ಗಂಡಸರು ಜ್ವರದಿಂದ ಎಷ್ಟು ಮಂದಿ ತೀರಿಕೊಂಡರು ಎಂದು ಎಣಿಸಿ, ಅದರ ಹಿಂದಿನ ವರ್ಷದ ಅದೇ ವಾರಗಳ ಜೊತೆಗಿಟ್ಟು ನೋಡಬೇಕು.